ಹರಾಜು ಶೆಡ್ಡಿನಲ್ಲಿ ಹೆಂಗಸರ ಟೆನಿಸ್

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕೂಗಿ ಗೊತ್ತು, ಬರೆದು ಗೊತ್ತಿಲ್ಲ. ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಹರಾಜು ಕೂಗುವುದು ನನ್ನ ಕೆಲಸವಾಗಿತ್ತು. ಹರಾಜು ಕೂಗುವುದು ಎಂದರೆ, ರೈತರು ತಂದು ಸುರಿದ ರಾಶಿಯ ಪಕ್ಕ ನಿಂತು, ವ್ಯಾಪಾರಿಗಳು ಕೇಳಿದ ಬೆಲೆಯನ್ನು ಎಲ್ಲರ ಕಿವಿಗೂ ಬೀಳುವ ಹಾಗೆ ಗಟ್ಟಿಯಾಗಿ ಹೇಳುವುದು. ಇದು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದವರು ಒಬ್ಬರಿದ್ದರೂ ಮುಂದಿನದು ಅರ್ಥವಾಗದೆ ಹೋದೀತು ಎಂಬ ಭಯಕ್ಕೆ ಬರೆದೆ.

ಮಂಡಿ ಅಂದ ಮೇಲೆ ಏನಾದರೊಂದು ತಮಾಷೆ ನಡೆಯದ ದಿನವೇ ಇರುವುದಿಲ್ಲ. ತೂಕದ ಯಂತ್ರದ ಮೇಲೆ ಎಮ್ಮೆ ಬಂದು ನಿಂತದ್ದುಂಟು, ಚೀಲದ ರಾಶಿಯ ಮೇಲೆ ಮಲಗಿದ ಹಮಾಲಿ ಚೀಲಗಳ ಜೊತೆಗೇ ಲಾರಿ ಹತ್ತಿ ಬಂಡೀಪುರದ ಗೇಟಿನಲ್ಲಿ ಎದ್ದದ್ದುಂಟು. ಆದರೆ ನಮ್ಮ ಶೆಡ್ಡಿನಲ್ಲಿ ನಾಲ್ಕು ದಿನ ಟೆನಿಸ್ ನಡೆಯಿತಲ್ಲ, ಆ ನಾಲ್ಕು ದಿನ ನಡೆದಷ್ಟು ತಮಾಷೆ ನನ್ನ ಉಳಿದ ಸರ್ವಿಸ್ಸಿನಲ್ಲೆಲ್ಲ ನಡೆದಿಲ್ಲ.

ಶೆಡ್ಡಿಗೆ ಟೆನಿಸ್ ಬಂದದ್ದು

ತೊಂಬತ್ತರ ದಶಕದ ನಡುವಿನ ಮಾತು. ಚಾಮರಾಜನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಅವರೂ ನಾವೂ ಮೈಸೂರು ಜಿಲ್ಲೆಯವರೇ. ಚಾಮರಾಜನಗರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಬ್ಬರು ಪಿ.ಟಿ. ಮೇಡಂ ಇದ್ದರು. ಪಿ.ಟಿ. ಎಂದರೆ ಆಟ, ವ್ಯಾಯಾಮ ಕಲಿಸುವವರು. ಕತ್ತಿನಲ್ಲಿ ಸದಾ ಒಂದು ಸೀಟಿ. ಸಂತೆಗೆ ಬಂದಾಗಲೂ ಅದು ಇರುತ್ತಿತ್ತು.

ಬಹುಮಾನಕ್ಕಾಗಿ ಆಡಿ, ಅದರಲ್ಲೇ ಜೀವನ ಮಾಡುವ ಹೆಂಗಸರ ಟೆನಿಸ್ ಪಂದ್ಯಾವಳಿಯೊಂದು ಆಗ ಊರಿಂದೂರಿಗೆ ತಿರುಗುತ್ತಿತ್ತು. ಮೇಡಂ ಎಲ್ಲೆಲ್ಲೋ ಓಡಾಡಿ ಅದನ್ನು ಚಾಮರಾಜನಗರಕ್ಕೆ ಕರೆಸಿದ್ದರು. ಯಾಕೆಂದು ಹೇಳುತ್ತೇನೆ, ಇದು ಮುಖ್ಯ. ಅವರ ಶಾಲೆಯಲ್ಲಿ ಚೆನ್ನಾಗಿ ಓಡುವ, ಕೊಕ್ಕೋ ಆಡುವ ಹುಡುಗಿಯರಿದ್ದರು. ಒಂಬತ್ತನೇ ಕ್ಲಾಸಿಗೆ ಬರುತ್ತಲೇ ಅಪ್ಪಂದಿರು ಬಂದು, "ಆಟ ಸಾಕು ಬುಡಿ ಮೇಡಂ. ಆಡಿ ಯಾವ ಎಣ್ಣು ಬದುಕವಳೆ, ತೋರ್ಸಿ ನೋಡನ" ಎಂದು ಬಿಡಿಸಿಬಿಡುತ್ತಿದ್ದರು. ತೋರಿಸುವುದಕ್ಕೆ ಮೇಡಂ ಹತ್ತಿರ ಒಬ್ಬ ಹೆಂಗಸೂ ಇರಲಿಲ್ಲ. ಈಗ ಒಂದು ವ್ಯಾನಿನ ತುಂಬ ಬರುವವರಿದ್ದರು. ಭಾನುವಾರದ ಫೈನಲ್ಲಿಗೆ ಬರುವುದಕ್ಕೆ ಅಪ್ಪಂದಿರನ್ನೂ ಒಪ್ಪಿಸಿದ್ದರು. ಆ ಫೈನಲ್ ನಡೆಯಬೇಕು, ಅಪ್ಪಂದಿರು ನೋಡಬೇಕು. ಮೇಡಮ್ಮಿಗೆ ಬೇಕಾದದ್ದು ಅಷ್ಟೇ.

ಬಂದದ್ದು ಮಳೆ. ಚಾಮರಾಜನಗರದ ಮಣ್ಣಿನ ಅಂಕಣ ನಾಟಿಗೆ ಹದವಾದ ಗದ್ದೆಯಾಯಿತು. ಬೆಂಗಳೂರಿನಿಂದ ಬಂದಿದ್ದ ರೆಫರಿ ಸಾಹೇಬರು, "ಸೂರಿನ ಕೆಳಗೆ ಜಾಗ ಇದ್ದರೆ ಆಡಿಸುತ್ತೇನೆ, ಇಲ್ಲವಾದರೆ ಮೈಸೂರಿಗೆ ಹೊರಟೆ" ಅಂದರು. ರೆಫರಿ ಎಂದರೆ ತೀರ್ಪು ಹೇಳುವವರು. ಮೇಡಂ ಮಳೆಯಲ್ಲೇ ಬಸ್ಸು ಹತ್ತಿ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಬಂದು, ನಮ್ಮ ಸಾವ್ಕಾರರ ಮುಂದೆ ನಿಂತರು. ಸಾವ್ಕಾರರು ಮಂಡಿಯ ವ್ಯಾಪಾರಿಗಳಿಗೆಲ್ಲ ಹಿರಿಯರು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಟವೆಲ್. ಹೊಸ ಹರಾಜು ಶೆಡ್ಡು ಅವರ ಮಾತಿನಲ್ಲಿತ್ತು.

"ಎಷ್ಟ್ ಎತ್ರಕ್ಕೆ ಓಯ್ತದಮ್ಮ ಆ ಚೆಂಡು?" ಎಂದು ಕೇಳಿದರು.

"ಸೂರಿಗೆ ತಾಗಲ್ಲ ಸರ್."

"ಈರುಳ್ಳಿಗೆ ತಾಗದೆ ಇದ್ರೆ ಸಾಕು. ಆಡ್ಸಿ ಓಗಿ."

ಹೀಗೆ ಅದು ಒಳಾಂಗಣ ಪಂದ್ಯಾವಳಿಯಾಯಿತು. ಬೆಂಗಳೂರಿನವರು ಹೊಡೆಸಿದ್ದ ಬ್ಯಾನರಿನಲ್ಲಿ 'ಒಳಾಂಗಣ' ಎಂದು ಇರಲಿಲ್ಲವಲ್ಲ, ನಮ್ಮ ಪೇಂಟರಿಂದ ಸೇರಿಸಿ ಬರೆಸಿದೆವು. ಅವನು ಅಭ್ಯಾಸಬಲದಿಂದ ಕೆಳಗೆ 'ಸಾಲ ಕೇಳಬೇಡಿ' ಎಂದೂ ಬರೆದುಬಿಟ್ಟಿದ್ದ.

ಐದು ಯಾರು ತಿಂದರು?

ಅಂಕಗಳನ್ನು ರೆಫರಿ ಸಾಹೇಬರು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳುತ್ತಿದ್ದರು. ಜನಕ್ಕೆ ತಿಳಿಯಲಿ ಎಂದು ಅದನ್ನೇ ಕನ್ನಡದಲ್ಲಿ ಮೈಕಿನಲ್ಲಿ ಹೇಳುವ ಕೆಲಸವನ್ನು ಮೇಡಂ ನನಗೆ ಕೊಟ್ಟರು. ಟೆನಿಸ್ಸಿನಲ್ಲಿ ಮೊದಲ ಅಂಕಕ್ಕೆ ಹದಿನೈದು, ಎರಡನೆಯದಕ್ಕೆ ಮೂವತ್ತು, ಮೂರನೆಯದಕ್ಕೆ ನಲವತ್ತು. ಯಾಕೆ ಹಾಗೆ ಎಂದು ನನಗೆ ಗೊತ್ತಿಲ್ಲ, ಕೇಳಬೇಡಿ. ಆದರೆ ಕೇಳಿದವರು ಒಬ್ಬರಿದ್ದರು.

ನಾನು, "ಹದಿನೈದೂ… ಮೂವತ್ತೂ… ನಲವತ್ತೂ" ಎಂದು ಕೂಗಿದ್ದೇ ತಡ, ಭೀಮನಬೀಡಿನ ರೈತರೊಬ್ಬರು ಎದ್ದು ನಿಂತರು.

"ನಿಲ್ಸು ನಿಲ್ಸು. ಅದ್ನೈದು, ಆಮೇಲೆ ಮೂವತ್ತು. ಅಂಗಾದ್ಮೇಲೆ ನಲವತ್ತೈದು ತಾನೆ ಆಗ್ಬೇಕು? ಐದು ಎಲ್ಲಿಗೋಯ್ತು?"

"ಆಟದ ರೂಲ್ಸೇ ಹಂಗೆ ಕಣ್ರಪ್ಪ" ಅಂದೆ.

ರೈತರು ಒಪ್ಪಲಿಲ್ಲ. ಮಂಡಿಯಲ್ಲಿ ತೂಕ ಹಾಕುವಾಗ ಮಣ್ಣಿಗೆ ಇಷ್ಟು, ಸಿಪ್ಪೆಗೆ ಇಷ್ಟು ಎಂದು ಕಡಿತ ಮಾಡುವ ಪದ್ಧತಿ. ಅದರ ಮೇಲೆ ದಿನಾ ಜಗಳ. ಅವರು ನೇರವಾಗಿ ಮುಂದಿನ ಸಾಲಿನಲ್ಲಿ ಕೂತಿದ್ದ ಸಾವ್ಕಾರರ ಕಡೆ ತಿರುಗಿ, "ಪಾಪ, ಆ ಎಣ್ಮಗಳು ಬೆವರು ಸುರ್ಸಿ ಒಡ್ದವಳೆ. ಅವಳ ಅಂಕಕ್ಕೂ ಕಡಿತ ಆಕ್ಬುಟ್ರಲ್ಲ ಸಾವ್ಕಾರ್ರೆ, ಚೆಂಡಲ್ಲೇನು ಮಣ್ಣಿತ್ತಾ?" ಅಂದರು.

ಸಾವ್ಕಾರರು ತಣ್ಣಗೆ ಹೇಳಿದರು: "ಚೆಂಡಿನ್ ಮೇಲೆ ಜುಂಗು ಐತಲ್ಲಪ್ಪ, ಅದಕ್ಕೆ."

ಒಂದು ಸಲ, ಎರಡು ಸಲ

ಇದು ಸಣ್ಣದು. ನನ್ನ ಬಾಯಿಯದೇ ತಪ್ಪು. ಒಂದು ಪಂದ್ಯ ಬಹಳ ಬಿಗಿಯಾಗಿ, ಇಬ್ಬರೂ ನಲವತ್ತರಲ್ಲಿ ನಿಂತಿದ್ದರು. ಹಾಗಾದಾಗ ಆಟ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಮತ್ತೆ ಮತ್ತೆ ಅದೇ ನಲವತ್ತಕ್ಕೆ ಬರುತ್ತದೆ. ಮಂಡಿಯಲ್ಲಿ ಬೆಲೆ ಹಾಗೆ ಒಂದೇ ಕಡೆ ನಿಂತರೆ ಏನು ಹೇಳಿ ಅಭ್ಯಾಸವೋ ಅದೇ ಬಾಯಿಗೆ ಬಂತು.

"ನಲವತ್ತು… ಒಂದ್ಸಲ! ನಲವತ್ತು… ಎರಡ್ಸಲ!"

ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ವ್ಯಾಪಾರಿಯೊಬ್ಬರು ಗಾಬರಿಯಾಗಿ ಕಣ್ಣು ಬಿಟ್ಟು, ಕೈ ಎತ್ತಿ, "ನಲವತ್ತೊಂದು!" ಅಂದುಬಿಟ್ಟರು. ಆಮೇಲೆ ಸುತ್ತ ನೋಡಿ, ಸರ್ವಿಸ್ ಮಾಡಲು ನಿಂತಿದ್ದ ಆಟಗಾರ್ತಿಯನ್ನು ಕಂಡು, ಪಕ್ಕದವರನ್ನು ಕೇಳಿದರು: "ಮಾಲೆಲ್ಲಿ?"

ಗೆದ್ದವಳ ಕಣ್ಣೀರು

ಶೆಡ್ಡು ಖಾಲಿ ಮಾಡಿ ತೊಳೆದಿದ್ದರೂ ಈರುಳ್ಳಿಯ ಘಾಟು ತೊಳೆದು ಹೋಗುವಂಥದಲ್ಲ. ಪಕ್ಕದ ಜಗಲಿಯಲ್ಲಿ ಹೆಂಗಸರು ಕೊಳೆತದ್ದನ್ನು ಆಯ್ದು ಬೇರೆ ಮಾಡುವ ಕೆಲಸವೂ ನಡೆದೇ ಇತ್ತು. ನಮಗೆ ಅಭ್ಯಾಸ. ಆಟಗಾರ್ತಿಯರಿಗೆ ಕಣ್ಣಲ್ಲಿ ಧಾರಾಕಾರ.

ಎರಡನೇ ದಿನ ಕೊಯಮತ್ತೂರಿನ ಆಟಗಾರ್ತಿ ಭರ್ಜರಿಯಾಗಿ ಗೆದ್ದಳು. ಗೆದ್ದು ಜಗಲಿಯ ಅಂಚಿಗೆ ಬಂದು ಕೂತು ಕಣ್ಣೊರೆಸಿಕೊಂಡಳು, ಒರೆಸಿದಷ್ಟೂ ಸುರಿಯಿತು. ಈರುಳ್ಳಿ ಆಯುತ್ತಿದ್ದ ಅಜ್ಜಿಯೊಬ್ಬರಿಗೆ ಕರುಳು ಚುರುಕ್ ಅಂತು. ಎದ್ದು ಬಂದು ಅವಳ ತಲೆ ಸವರಿ, "ಅಳ್ಬ್ಯಾಡ ಕಣಮ್ಮಿ. ಸೋತ್ರೆ ಏನಾಯ್ತು, ಕೈಕಾಲು ಗಟ್ಯಾಗವೆ" ಅಂದರು. ಸಮಾಧಾನ ಮಾಡಿದ ಕೈಯಲ್ಲೂ ಈರುಳ್ಳಿಯೇ ಇದ್ದದ್ದು. ಅವಳ ಕಣ್ಣೀರು ಇನ್ನೂ ಹೆಚ್ಚಾಯಿತು.

"ನಾನ್ ಜೆಯಿಚ್ಚಿಟ್ಟೇನ್ ಪಾಟ್ಟಿ!" ಅಂದಳು ಅವಳು. ನಾನು ಗೆದ್ದಿದ್ದೇನೆ ಅಜ್ಜಿ, ಎಂದು ತಮಿಳಿನಲ್ಲಿ. ನಮ್ಮ ಕಡೆ ತಮಿಳು ಎಲ್ಲರಿಗೂ ಅರ್ಥವಾಗುತ್ತದೆ.

ಅಜ್ಜಿ ಬೆಚ್ಚಿಬಿದ್ದರು. "ಅಯ್ಯೋ ಸಿವನೆ, ಗೆದ್ದೋಳೇ ಇಂಗೆ ಅತ್ರೆ ಸೋತೋಳು ಬಾವಿ ನೋಡ್ಕಂಡವಳೋ ಏನೋ!" ಎಂದು ಸೋತವಳನ್ನು ಹುಡುಕಿಕೊಂಡು ಓಡಿದರು. ಸೋತವಳು ದಪ್ಪ ಕನ್ನಡಕದವಳು, ಘಾಟು ತಾಗಿರಲಿಲ್ಲ. ಕ್ಯಾಂಟೀನಿನ ಮುಂದೆ ನಿಂತು ನಗುನಗುತ್ತ ಬೋಂಡ ತಿನ್ನುತ್ತಿದ್ದಳು.

ಅಜ್ಜಿ ವಾಪಸು ಬಂದು ಜೊತೆಯವರಿಗೆ ವರದಿ ಒಪ್ಪಿಸಿದರು. "ಇದೆಂಥಾ ಆಟನವ್ವ. ಗೆದ್ದೋಳು ಅಳ್ತಾವಳೆ, ಸೋತೋಳು ಬೋಂಡ ತಿಂತಾವಳೆ. ಆಡೋದಾದ್ರೆ ಸೋಲೋದೇ ವಾಸಿ."

ರೈಟ್, ರೈಟ್, ಓಲ್ಡಾನ್

ಮೂರನೇ ದಿನದ್ದು ನಗುವ ಮಾತಾದರೂ ಅಂದು ನಾವ್ಯಾರೂ ನಗಲಿಲ್ಲ.

ಟೆನಿಸ್ಸಿನಲ್ಲಿ ಒಂದು ಕಟ್ಟುನಿಟ್ಟು. ಆಡುತ್ತಿರುವವರಿಗೆ ಹೊರಗಿನಿಂದ ಯಾರೂ ಏನೂ ಹೇಳಿಕೊಡಬಾರದು. ಶೆಡ್ಡಿನ ಗೋಡೆಯ ಆಚೆಗೇ ನಮ್ಮ ಲಾರಿಗಳು ನಿಲ್ಲುವ ಜಾಗ. ಅಂದು ಕೇರಳಕ್ಕೆ ಹೊರಟ ಲಾರಿಯೊಂದು ರಿವರ್ಸ್ ತೆಗೆಯುತ್ತಿತ್ತು. ಅದರ ಕ್ಲೀನರ್ ಹಿಂದೆ ನಿಂತು, ಲಾರಿಯ ಮೈಗೆ ಕೈಯಲ್ಲಿ ಬಡಿಯುತ್ತ, "ರೈಟ್! ರೈಟ್! ರೈಟ್!" ಎಂದು ಕೂಗುತ್ತಿದ್ದ.

ಒಳಗೆ ಸೆಮಿಫೈನಲ್. ಕೊಯಮತ್ತೂರಿನವಳು ಚೆಂಡನ್ನು ಬಲಕ್ಕೆ ಹೊಡೆದಳು, ಅಂಕ ಬಂತು. ಮತ್ತೆ "ರೈಟ್! ರೈಟ್!" ಮತ್ತೆ ಬಲಕ್ಕೆ, ಮತ್ತೆ ಅಂಕ. ಎದುರಾಳಿ ಬ್ಯಾಟು ಕೆಳಗಿಟ್ಟು ರೆಫರಿಯನ್ನು ನೋಡಿದಳು. ಬ್ಯಾಟು ಅನ್ನಬಾರದಂತೆ, ರಾಕೆಟ್ ಅನ್ನಬೇಕಂತೆ, ಮೇಡಂ ಹೇಳಿದ್ದರು. ರಾಕೆಟ್ ಕೆಳಗಿಟ್ಟು ನೋಡಿದಳು. ಅಷ್ಟರಲ್ಲಿ ಹೊರಗಿನಿಂದ, "ಓಲ್ಡಾನ್!" ಓಲ್ಡಾನ್ ಎಂದರೆ ನಿಲ್ಲಿಸು ಎಂದು ನಮ್ಮ ಕಂಡಕ್ಟರುಗಳೂ ಕ್ಲೀನರುಗಳೂ ಹೇಳುವುದು. ಕೊಯಮತ್ತೂರಿನವಳು ಚೆಂಡನ್ನು ಮೇಲೆ ಎಸೆದಿದ್ದವಳು ಹಾಗೆಯೇ ನಿಂತಳು. ಚೆಂಡು ಅವಳ ತಲೆಯ ಮೇಲೇ ಬಿತ್ತು.

"ನೋಡಿ ಸರ್, ಹೊರಗಿಂದ ಹೇಳಿಕೊಡ್ತಿದಾರೆ, ಇವಳು ಕೇಳ್ತಿದಾಳೆ!" ಎಂದು ಎದುರಾಳಿ ಕೂಗಿದಳು.

ರೆಫರಿ ಸಾಹೇಬರು ಎತ್ತರದ ಕುರ್ಚಿಯಿಂದ ಇಳಿದು ಹೊರಗೆ ಹೊರಟರು. ಹಿಂದೆ ಮೇಡಂ, ಅವರ ಹಿಂದೆ ನಾನು. ಸಾಹೇಬರು ಕ್ಲೀನರನ್ನು, "ಯಾರು ನಿಂಗೆ ರೈಟ್ ಅಂತ ಹೇಳೋಕೆ ಹೇಳಿದ್ದು?" ಎಂದು ಗದರಿದರು. ಅವನು ಡ್ರೈವರನ್ನು ತೋರಿಸಿದ. ಸಾಹೇಬರು ಡ್ರೈವರಿನ ಬಾಗಿಲ ಬಳಿ ಹೋಗಿ, "ಒಳಗಿದಾಳಲ್ಲ ಆ ಹುಡುಗಿ, ಅವಳಿಗೂ ನಿಮಗೂ ಏನ್ರೀ ಸಂಬಂಧ?" ಅಂದರು.

ಡ್ರೈವರ್ ಮಲಯಾಳಿ. ವಯಸ್ಸಾದವರು. ಮುಖ ಬಿಳಿಚಿಕೊಂಡಿತು. ಕೈಮುಗಿದು, "ಅಯ್ಯೋ ಸಾರೇ! ವೀಟ್ಟಿಲ್ ಭಾರ್ಯಯುಂಡ್!" ಅಂದರು. ಮನೆಯಲ್ಲಿ ಹೆಂಡತಿ ಇದ್ದಾಳೆ ಸ್ವಾಮಿ, ಎಂದು.

ಸಾಹೇಬರಿಗೆ ಅದು ನಗುವಾಗಿ ಕಾಣಲಿಲ್ಲ. ಮೇಡಮ್ಮಿನ ಮುಂದೆ ನಿಂತು, "ನಾಳೆ ಫೈನಲ್. ಇನ್ನೊಂದು ಸಲ ಹೊರಗಿನವರು ಯಾರಾದರೂ ಬಾಯಿ ಹಾಕಿದರೆ, ಅಲ್ಲಿಗೇ ಬಂದ್. ಉಳಿದ ಆಟ ಮೈಸೂರಿನಲ್ಲಿ" ಎಂದುಬಿಟ್ಟರು. ಮೇಡಂ ಸೀಟಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಮೈಸೂರಿನ ತನಕ ಯಾವ ಅಪ್ಪನೂ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಸಂಜೆ ಸಾವ್ಕಾರರು ಮಂಡಿಯವರನ್ನೆಲ್ಲ ಕೂರಿಸಿ ತಾಕೀತು ಮಾಡಿದರು. "ನಾಳೆ ಬಾಯಿ ಬುಡಂಗಿಲ್ಲ ಕಣ್ರಲಾ ಯಾರೂ. ಕೆಮ್ಮು ಬಂದ್ರೂ ನುಂಗ್ಕಬೇಕು." ಆಮೇಲೆ ಡ್ರೈವರಿನ ಕಡೆ ತಿರುಗಿ ಮೆಲ್ಲಗೆ, "ನಿನ್ ಎಂಡ್ತಿಗೆ ನಾವ್ಯಾರೂ ಯೋಳಕ್ಕಿಲ್ಲ ಬುಡು" ಅಂದರು.

ಟವೆಲ್ಲಿನ ಕೆಳಗೆ

ಭಾನುವಾರ. ಶೆಡ್ಡು ತುಂಬಿತ್ತು. ಒಂದು ಕಡೆ ಖಾಲಿ ಚೀಲಗಳ ಮೇಲೆ ಮೇಡಮ್ಮಿನ ಹುಡುಗಿಯರು, ಅವರ ಹಿಂದೆ ಅಪ್ಪಂದಿರು. ಇನ್ನೊಂದು ತುದಿಯಲ್ಲಿ ಸಾವ್ಕಾರರೂ ಮಂಡಿಯವರೂ. ಅಷ್ಟು ಜನ, ಒಂದು ಪಿಸುಮಾತಿಲ್ಲ. ನಮ್ಮ ಮಂಡಿಯಲ್ಲಿ ಅಂಥ ಮೌನವನ್ನು ನಾನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

ಒಬ್ಬೊಬ್ಬರಾಗಿ ಆಡುವ ಫೈನಲ್ ಮುಗಿದು, ಕೊನೆಗೆ ಡಬಲ್ಸ್ ಫೈನಲ್. ಡಬಲ್ಸ್ ಎಂದರೆ ಒಂದೊಂದು ಕಡೆ ಇಬ್ಬಿಬ್ಬರು. ಒಬ್ಬಳು ಹಿಂದೆ ನಿಂತು ಸರ್ವಿಸ್ ಮಾಡುತ್ತಾಳೆ, ಇನ್ನೊಬ್ಬಳು ಮುಂದೆ ಬಲೆಯ ಹತ್ತಿರ ನಿಲ್ಲುತ್ತಾಳೆ. ಮುಂದಿನವಳು ಬೆನ್ನ ಹಿಂದೆ ಕೈ ಇಟ್ಟು, ಬೆರಳು ತೋರಿಸಿ, ತಾನು ಎಡಕ್ಕೆ ಓಡುತ್ತೇನೋ ಬಲಕ್ಕೋ ಎಂದು ಹಿಂದಿನವಳಿಗೆ ಗುಟ್ಟಾಗಿ ಹೇಳುತ್ತಾಳೆ. ಎದುರಿನವರಿಗೆ ಕಾಣುವುದಿಲ್ಲ. ಆದರೆ ಹಿಂದೆ ಕೂತವರಿಗೆಲ್ಲ ಕಾಣುತ್ತದೆ. ಹಿಂದೆ ಕೂತಿದ್ದವರು ಸಾವ್ಕಾರರು.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಹರಾಜಿಲ್ಲದೆ ನೇರವಾಗಿ ನಡೆಯುವ ವ್ಯಾಪಾರದಲ್ಲಿ ನಮ್ಮವರು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರೂ ಕೈ ಹಿಡಿದು, ಮೇಲೆ ಟವೆಲ್ ಮುಚ್ಚಿ, ಒಳಗೊಳಗೇ ಬೆರಳು ಒತ್ತಿ ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡಾದರೆ ಎರಡು, ಹಸ್ತವನ್ನೇ ಹಿಡಿದರೆ ಐದು. ನೋಡುವವರಿಗೆ ಟವೆಲ್ ಅಲುಗಾಡುವುದು ಬಿಟ್ಟು ಬೇರೇನೂ ಕಾಣದು. ಟವೆಲ್ ಇಲ್ಲದೆ ಬಯಲಲ್ಲಿ ಬೆರಳು ತೋರಿಸುವುದು ಎಂದರೆ ಮಾನ ಹೋದ ಹಾಗೆ.

ಬಲೆಯ ಹತ್ತಿರ ನಿಂತಿದ್ದ ಕೊಯಮತ್ತೂರಿನವಳು ಬೆನ್ನ ಹಿಂದೆ ಎರಡು ಬೆರಳು ತೋರಿಸಿದಳು. ಸಾವ್ಕಾರರು ಕಣ್ಣು ಬೇರೆ ಕಡೆ ತಿರುಗಿಸಿಕೊಂಡರು. ಇನ್ನೊಂದು ಸಲ, ಒಂದು ಬೆರಳು. ಸಾವ್ಕಾರರು ಕೂತಲ್ಲೇ ಮುಲುಗಿದರು. ಅವರ ಶೆಡ್ಡಿಗೆ ಬಂದ ಹೆಣ್ಣುಮಗಳು, ಅವಳ ವ್ಯಾಪಾರದ ಗುಟ್ಟು ಇಷ್ಟು ಜನರ ಮುಂದೆ ಬಯಲಾಗುತ್ತಿದೆ. ಬಾಯಿಬಿಟ್ಟು ಹೇಳುವ ಹಾಗಿಲ್ಲ, ತಾವೇ ತಾಕೀತು ಮಾಡಿದ್ದಾರೆ. ಆದರೆ ಬಾಯಿ ಬಿಡಬಾರದು ಎಂದಿತ್ತೇ ಹೊರತು ಕಾಲು ಹಾಕಬಾರದು ಎಂದಿರಲಿಲ್ಲ. ಎದ್ದರು. ಚಪ್ಪಲಿ ಬಿಟ್ಟರು. ಅಂಕಣದೊಳಗೆ ಮೆತ್ತಗೆ ನಡೆದುಹೋಗಿ, ಹೆಗಲ ಮೇಲಿನ ಟವೆಲ್ ತೆಗೆದು, ಬೆನ್ನ ಹಿಂದಿದ್ದ ಅವಳ ಕೈಯ ಮೇಲೆ ಅಚ್ಚುಕಟ್ಟಾಗಿ ಹೊದಿಸಿದರು.

ಅವಳು ಕಿರುಚಿದಳು.

"ಸಾಕು! ಬಂದ್!" ರೆಫರಿ ಸಾಹೇಬರು ಕುರ್ಚಿ ಇಳಿದು ಬಂದೇಬಿಟ್ಟರು. ಮೇಡಂ ಎದ್ದು ನಿಂತರು. ಅಪ್ಪಂದಿರಲ್ಲಿ ಒಬ್ಬರು ಆಗಲೇ ಬಸ್ಸಿನ ಹೊತ್ತು ನೋಡಿಕೊಂಡು, "ಏಳಮ್ಮಿ, ಓಗನ" ಎಂದು ಮಗಳ ಕೈ ಹಿಡಿದರು.

ಸಾಹೇಬರ ಸಿಟ್ಟು ಕಂಡು ಸಾವ್ಕಾರರು ಗಾಬರಿಯಾಗಲಿಲ್ಲ. ಮಂಡಿಯಲ್ಲಿ ಯಾರಾದರೂ ರೇಗಿ ಬಂದರೆ ಮಾಡುವುದು ಒಂದೇ. ಸಾಹೇಬರ ಬಲಗೈ ಹಿಡಿದು, ಅದರ ಮೇಲೆ ಟವೆಲ್ ಮುಚ್ಚಿ, ಒಳಗೆ ಅವರ ಒಂದು ಬೆರಳನ್ನು ಒತ್ತಿದರು. ಮುಂದಿನ ವರ್ಷವೂ ಇಲ್ಲೇ ಆಡಿಸುತ್ತೀರಾ, ಎಂದು. ಸಾಹೇಬರು ಇದು ಈ ಕಡೆಯವರು ಕ್ಷಮೆ ಕೇಳುವ ರೀತಿ ಅಂದುಕೊಂಡರು. ಎದುರಿಗಿರುವವರು ದೊಡ್ಡ ಮನುಷ್ಯರು, ವಯಸ್ಸಾದವರು ಎಂದು, ಕ್ಷಮಿಸಿದೆ ಹೊರಡಿ ಎನ್ನುವ ಹಾಗೆ ಪೂರ್ತಿ ಹಸ್ತ ಕೊಟ್ಟು ಎರಡು ಸಲ ಕುಲುಕಿದರು.

ಸಾವ್ಕಾರರು ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡು ಕೂಗಿದರು. "ಮುಗೀತು ಕಣ್ರಪ್ಪೋ! ಐದು!"

"ಐದೇನು ಸಾವ್ಕಾರ್ರೆ?" ಎಂದು ಮಂಡಿಯವರು.

"ಐದೊರ್ಸ ಇಲ್ಲೇ ಆಡುಸ್ತಾರಂತೆ. ಸಾಹೇಬ್ರು ಕೈ ಕೊಟ್ಟವ್ರೆ!"

"ಕೈ ಕೊಟ್ಟವ್ರಾ, ಕೈ ಮೇಲೆ ಕೈ ಆಕವ್ರಾ? ಸರ್ಯಾಗ್ ಯೋಳಿ!" ಎಂದು ಭೀಮನಬೀಡಿನ ರೈತರು.

ಮೊದಲು ಚಪ್ಪಾಳೆ ಹೊಡೆದವರು ಮೇಡಂ. ಆಮೇಲೆ ಹುಡುಗಿಯರು, ಆಮೇಲೆ ಇಡೀ ಶೆಡ್ಡು. ಸಾಹೇಬರು ಅಲ್ಲ ಎನ್ನಲು ಬಾಯಿ ತೆರೆದರು, ಚೀಲಗಳ ಮೇಲೆ ಎದ್ದು ನಿಂತಿದ್ದ ಆ ಹುಡುಗಿಯರನ್ನು ನೋಡಿದರು, ಬಾಯಿ ಮುಚ್ಚಿಕೊಂಡು ಕುರ್ಚಿ ಹತ್ತಿದರು. "ಪ್ಲೇ" ಅಂದರು. ನಾನು ಕನ್ನಡದಲ್ಲಿ "ಆಡ್ರಮ್ಮ!" ಅಂದೆ.

ಫೈನಲ್ ಕೊನೆಯ ತನಕ ನಡೆಯಿತು, ಕೊಯಮತ್ತೂರಿನವಳ ಜೋಡಿಯೇ ಗೆದ್ದಿತು. ಬಸ್ಸಿನ ಹೊತ್ತು ನೋಡಿದ್ದ ಆ ಅಪ್ಪ ಮಗಳ ಕೈ ಬಿಟ್ಟು ಮೇಡಮ್ಮಿನ ಹತ್ತಿರ ಬಂದು, "ಐದೊರ್ಸ ಅಂದ್ರೆ ನಮ್ಮಮ್ಮಿಗೆ ಅತ್ತೊಂಬತ್ತು ತುಂಬಿರ್ತದೆ. ಆಗ ಇವಳ್ನೂ ಇಲ್ಲಿ ಆಡ್ಸಕ್ಕಾಯ್ತದಾ ಮೇಡಂ?" ಎಂದು ಕೇಳಿದರು. ಮೇಡಂ ಏನು ಹೇಳಿದರೋ ನನಗೆ ಕೇಳಿಸಲಿಲ್ಲ, ಸೀಟಿ ಅವರ ಬಾಯಲ್ಲೇ ಇತ್ತು.

ರಾತ್ರಿ ಊಟಕ್ಕೆ ಕೂತಾಗ ರೆಫರಿ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, "ಅಲ್ರೀ, ನಾನು ಐದು ಅಂತ ಯಾವಾಗ ಹೇಳಿದೆ?" ಎಂದು ಕೇಳಿದರು.

"ಐದು ಅಂದದ್ದು ಸಾವ್ಕಾರರ ದೊಡ್ಡ ಗುಣ ಸಾರ್. ನೀವು ಎರಡು ಸಲ ಕುಲುಕಿದ್ರಿ. ಲೆಕ್ಕದ ಪ್ರಕಾರ ಹತ್ತಾಗಬೇಕು" ಅಂದೆ.

ಸಾಹೇಬರು ತಮ್ಮ ಬಲಗೈಯನ್ನೇ ನೋಡಿಕೊಂಡು, ಆಮೇಲೆ ಅದನ್ನು ಜೇಬಿನಲ್ಲಿಟ್ಟುಕೊಂಡು, ಎಡಗೈಯಲ್ಲಿ ಊಟ ಮಾಡಿದರು.

ಹತ್ತು ಹೇಗೆ ಎಂದು ನಿಮಗೂ ಬಿಡಿಸಿ ಹೇಳದಿದ್ದರೆ ತಪ್ಪಾಗುತ್ತದೆ. ಹಸ್ತ ಹಿಡಿದರೆ ಐದು ಎಂದೆನಲ್ಲ. ಹಿಡಿದು ಒಂದು ಸಲ ಅಲುಗಿಸಿದರೆ ಐದು ಖಾಯಂ ಎಂದರ್ಥ. ಎರಡನೇ ಸಲ ಅಲುಗಿಸಿದರೆ ಮತ್ತೈದು ಸೇರುತ್ತದೆ. ಆದರೆ ಹೆಬ್ಬೆರಳು ಮಡಿಸಿಕೊಂಡು ಅಲುಗಿಸಿದ್ದರೆ ಲೆಕ್ಕವೇ ಬೇರೆ, ಅದರಲ್ಲೂ ಎದುರಿನವರ ಕಿರುಬೆರಳು ನಮ್ಮ ಅಂಗೈಗೆ ತಾಗಿದ್ದರೆ, ಆಗ ನಾವು… ಪಕ್ಕದ ಮನೆಯವರು ಕೂಗುತ್ತಿದ್ದಾರೆ, "ಅಣ್ಣೋ, ನಲ್ಲೀಲಿ ನೀರ್ ಬಂತು, ಬಿಂದ್ಗೆ ಇಡಿ, ನಿಂತೋಯ್ತದೆ!" ಎಂದು. ಆಗ ನಾವು ಏನು ಮಾಡಬೇಕೆಂದರೆ, ಮೊದಲು ಟವೆಲ್ಲಿನ ಒಂದು ತುದಿಯನ್ನು… ನೀರು ನಿಂತೇ ಹೋದೀತು, ಬಿಂದಿಗೆ ಇಟ್ಟು ಬರುತ್ತೇನೆ.